ಕೆಡಲ್‌ಸ್ಟನ್ ಮನೆಯ ಕರ್ಜನ್

ಲಾರ್ಡ್ ಕರ್ಜನ್ ಎಂದೊಡನೆ ನಮ್ಮ ನೆನಪಿಗೆ ಬರುವುದು ವಂಗಭಂಗ. ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಅವನಿಗೆ ಸಿಕ್ಕಿರುವ ಜಾಗವೂ ಅಷ್ಟೇ: ೧೯೦೫ರಲ್ಲಿ ಬಂಗಾಳವನ್ನು ಎರಡಾಗಿ ಸೀಳಿದ ಗರ್ವಿಷ್ಠ ವೈಸರಾಯ್. ಆ ಮಾತು ಸುಳ್ಳಲ್ಲ. ಆದರೆ ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಅವನ ಆಳ್ವಿಕೆಯ ಕಥೆಗಿಂತ ಹೆಚ್ಚಾಗಿ ಅವನ ಮನೆಯ ಕಥೆಯನ್ನು. ಹುಟ್ಟಿನಿಂದ ಬಂದ ಪದವಿ ಒಬ್ಬ ಮನುಷ್ಯನಿಗೆ ಏನು ಕೊಡುತ್ತದೆ, ಅವನಿಂದ ಏನು ಕಸಿದುಕೊಳ್ಳುತ್ತದೆ, ಅವನ ಮಕ್ಕಳಿಗೆ ಏನು ಉಳಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಯಾವ ರಾಜಕಾರಣಿಯ ಬಾಳನ್ನು ನೋಡುವುದಕ್ಕಿಂತಲೂ ಕರ್ಜನ್ನನ ಬಾಳನ್ನು ನೋಡುವುದು ಒಳ್ಳೆಯದೆಂದು ನನ್ನ ಭಾವನೆ.

ಇಂಗ್ಲೆಂಡಿನ ನಡುಭಾಗದಲ್ಲಿ ಡರ್ಬಿಷೈರ್ ಎಂಬ ಜಿಲ್ಲೆ ಇದೆ. ಅಲ್ಲಿ ಕೆಡಲ್‌ಸ್ಟನ್ ಎಂಬ ಎಸ್ಟೇಟು. ಹನ್ನೆರಡನೆಯ ಶತಮಾನದಿಂದಲೂ ಅದು ಕರ್ಜನ್ ಮನೆತನದವರ ಕೈಯಲ್ಲಿತ್ತು. ‘ಕರ್ಜನ್ ಹಿಡಿದದ್ದು ಕರ್ಜನ್ ಕೈಯಲ್ಲೇ ಇರಲಿ’ ಎಂಬುದು ಆ ಮನೆತನದ ಧ್ಯೇಯವಾಕ್ಯ. ನಮ್ಮ ಕಡೆ ಹಳೆಯ ಪಾಳೆಯಗಾರರ ಮನೆಗಳಲ್ಲಿ ಕೇಳಿಬರುವಂಥ ಮಾತು. ೧೭೫೯ರ ಸುಮಾರಿಗೆ ಆ ಮನೆತನದ ಒಬ್ಬ ಪ್ರಭು ಹಳೆಯ ಮನೆಯನ್ನು ಕೆಡವಿ ದೊಡ್ಡ ಅರಮನೆಯನ್ನು ಕಟ್ಟಿಸತೊಡಗಿದ. ರಾಬರ್ಟ್ ಆಡಮ್ ಎಂಬ ಪ್ರಸಿದ್ಧ ಶಿಲ್ಪಿ ಅದರ ರೂಪಕಾರ. ಅರಮನೆಯ ಮುಂದಿನ ನೋಟಕ್ಕೆ ಅಡ್ಡಿಯಾಯಿತೆಂದು ಅಲ್ಲಿದ್ದ ಹಳ್ಳಿಯನ್ನೇ ಎತ್ತಿ ಬೇರೆ ಕಡೆ ಹಾಕಿಸಿದರು. ಗುಡಿ ಮಾತ್ರ, ಎಂದರೆ ಅವರ ಇಗರ್ಜಿ ಮಾತ್ರ, ಇದ್ದಲ್ಲಿಯೇ ಉಳಿಯಿತು.

ಈ ಮನೆಗೂ ನಮ್ಮ ದೇಶಕ್ಕೂ ಒಂದು ವಿಚಿತ್ರ ಸಂಬಂಧವಿದೆ. ನೀವು ಕಲ್ಕತ್ತೆಗೆ ಹೋದವರಾದರೆ ರಾಜ್ಯಪಾಲರ ನಿವಾಸವನ್ನು ಹೊರಗಿನಿಂದಲಾದರೂ ನೋಡಿರುತ್ತೀರಿ. ಟಿಪ್ಪು ಸುಲ್ತಾನನ ಪತನದ ಕಾಲದಲ್ಲಿ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ ಅದನ್ನು ಕಟ್ಟಿಸಿದ. ೧೭೯೯ರಲ್ಲಿ, ಶ್ರೀರಂಗಪಟ್ಟಣ ಬಿದ್ದ ವರ್ಷವೇ, ಕೆಲಸ ಆರಂಭವಾಯಿತು. ಆ ಭವನಕ್ಕೆ ಮಾದರಿ ಕೆಡಲ್‌ಸ್ಟನ್ನಿನ ಅರಮನೆಯೇ. ಅಲ್ಲಿ ನಾಲ್ಕು ರೆಕ್ಕೆಗಳನ್ನು ಯೋಚಿಸಿ ಎರಡನ್ನು ಕಟ್ಟಿ ಬಿಟ್ಟರು. ಇಲ್ಲಿ ನಾಲ್ಕೂ ಎದ್ದವು. ಹೀಗಾಗಿ ಕೆಡಲ್‌ಸ್ಟನ್ನಿನಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಕಲ್ಕತ್ತೆಯಲ್ಲಿ ತನ್ನ ಮನೆಯದೇ ಪ್ರತಿರೂಪವೊಂದು ಇದೆ ಎಂಬುದು ಚಿಕ್ಕಂದಿನಲ್ಲಿಯೇ ಗೊತ್ತಿತ್ತು. ಅದರಲ್ಲಿ ತಾನೂ ಒಂದು ದಿನ ಕೂರಬೇಕೆಂಬ ಆಸೆ ಅವನಲ್ಲಿ ಬೇಗನೆ ಮೊಳೆಯಿತು.

ಜಾರ್ಜ್ ನಥಾನಿಯೆಲ್ ಕರ್ಜನ್ ಹುಟ್ಟಿದ್ದು ೧೮೫೯ನೆಯ ಜನವರಿ ೧೧ರಂದು. ತಂದೆ ಲಾರ್ಡ್ ಸ್ಕಾರ್ಸ್‌ಡೇಲ್. ಪ್ರಭುವೂ ಹೌದು, ಊರಿನ ಪಾದ್ರಿಯೂ ಹೌದು. ಮಕ್ಕಳು ಹನ್ನೊಂದು ಮಂದಿ. ಗಂಡುಮಕ್ಕಳಲ್ಲಿ ಜಾರ್ಜನೇ ಹಿರಿಯ. ಇಷ್ಟು ದೊಡ್ಡ ಮನೆಯಲ್ಲಿ ಹುಟ್ಟಿದ ಮಗುವಿನ ಬಾಲ್ಯ ಸುಖದ್ದಾಗಿತ್ತೆಂದು ನೀವು ಭಾವಿಸಿದರೆ ಅದು ಸಹಜವೇ. ಆದರೆ ಆ ಕಾಲದ ಇಂಗ್ಲಿಷ್ ಸಿರಿವಂತರ ಮನೆಗಳಲ್ಲಿ ತಾಯಿತಂದೆಗಳಿಗೂ ಮಕ್ಕಳಿಗೂ ಭೇಟಿ ಅಪರೂಪ. ಮಕ್ಕಳು ಗವರ್ನೆಸ್ಸಿನ ವಶ. ಕರ್ಜನ್ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮಿಸ್ ಪ್ಯಾರಮನ್ ಎಂಬಾಕೆ ಮಕ್ಕಳನ್ನು ಕುರ್ಚಿಗೆ ಕಟ್ಟಿ ಗಂಟೆಗಟ್ಟಲೆ ಕೂರಿಸುತ್ತಿದ್ದಳು. ಕತ್ತಲೆ ಕೋಣೆಯಲ್ಲಿ ಕೂಡುತ್ತಿದ್ದಳು. ‘ಸುಳ್ಳ’, ‘ಹೇಡಿ’ ಎಂದು ಬರೆದ ಎತ್ತರದ ಚೂಪು ಟೊಪ್ಪಿಗೆಯನ್ನು ತಲೆಗೇರಿಸಿ ಊರಿನವರ ಕಣ್ಣಿಗೆ ಬೀಳುವಂತೆ ಓಡಾಡಿಸುತ್ತಿದ್ದಳು. ಒಮ್ಮೆ ಬಾಲಕ ಜಾರ್ಜನ ಕೈಯಿಂದಲೇ ಮನೆಯ ಬಟ್ಲರನಿಗೆ ಕಾಗದ ಬರೆಸಿದಳಂತೆ, ‘ನನ್ನನ್ನು ಹೊಡೆಯುವುದಕ್ಕೆ ಒಂದು ಬೆತ್ತವನ್ನು ಸಿದ್ಧಮಾಡಿ ಕೊಡು’ ಎಂದು. ಮುಂದೆ ಕರ್ಜನ್ನನೇ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಮನೆತುಂಬ ಆಳುಕಾಳು, ಆದರೂ ಮಕ್ಕಳು ಇದನ್ನು ತಂದೆತಾಯಿಗಳಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ತಾಯಿ ೧೮೭೫ರಲ್ಲಿ ತೀರಿಕೊಂಡಳು.

ಈಟನ್ ಶಾಲೆಯಲ್ಲಿ ಬಹುಮಾನಗಳನ್ನೆಲ್ಲ ಬಾಚಿಕೊಂಡ. ಆದರೆ ೧೮೭೪ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಕುದುರೆಯಿಂದ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಕೆಲವು ವರ್ಷಗಳಲ್ಲಿ ಬೆನ್ನೆಲುಬು ಸೊಟ್ಟಗಾಯಿತು. ಅಂದಿನಿಂದ ಸಾಯುವವರೆಗೆ ಅಂಗಿಯೊಳಗೆ ಚರ್ಮ ಮತ್ತು ಉಕ್ಕಿನ ಪಟ್ಟಿ ಬಿಗಿದುಕೊಂಡೇ ಇರಬೇಕಾಯಿತು. ಬಾಗಲಾರ, ಬಳುಕಲಾರ. ಸಭೆಯಲ್ಲಿ ಗರುಡಗಂಬದಂತೆ ನೆಟ್ಟಗೆ ನಿಂತಿರುತ್ತಿದ್ದ ಅವನನ್ನು ಕಂಡು ಜನ ಅಹಂಕಾರಿ ಎಂದರು. ಅಹಂಕಾರ ಇದ್ದದ್ದೂ ನಿಜ; ಬೆನ್ನುನೋವು ಇದ್ದದ್ದೂ ನಿಜ. ಎಷ್ಟು ಪಾಲು ಯಾವುದು ಎಂದು ಹೊರಗಿನವರು ಅಳೆಯುವುದು ಹೇಗೆ? ಆಕ್ಸ್‌ಫರ್ಡಿನಲ್ಲಿ ಓದುವಾಗ ಸಹಪಾಠಿಗಳು ಅವನ ಮೇಲೆ ಒಂದು ಚುಟುಕವನ್ನೇ ಕಟ್ಟಿದರು. ‘ಶ್ರೇಷ್ಠ ವ್ಯಕ್ತಿ’ ಎಂಬ ಅದರೊಳಗಿನ ಕುಚೋದ್ಯದ ಬಿರುದು ಅವನನ್ನು ಜೀವಮಾನವೆಲ್ಲ ಬಿಡಲಿಲ್ಲ. ಅಂತಿಮ ಪರೀಕ್ಷೆಯಲ್ಲಿ ಮೊದಲ ದರ್ಜೆ ತಪ್ಪಿ ಎರಡನೆಯ ದರ್ಜೆ ಬಂದಾಗ ಅದನ್ನು ದೊಡ್ಡ ಅವಮಾನವೆಂದು ತಿಳಿದ. ಹಟ ಹಿಡಿದು ಎರಡು ಪ್ರಬಂಧಸ್ಪರ್ಧೆಗಳಲ್ಲಿ ಬಹುಮಾನ ಪಡೆದು, ೧೮೮೩ರಲ್ಲಿ ಆಲ್ ಸೋಲ್ಸ್ ಕಾಲೇಜಿನ ಫೆಲೋ ಆದ ಮೇಲೆಯೇ ಅವನಿಗೆ ಸಮಾಧಾನ.

೧೮೮೬ರಲ್ಲಿ ಸೌತ್‌ಪೋರ್ಟಿನಿಂದ ಪಾರ್ಲಿಮೆಂಟಿನ ಸದಸ್ಯನಾದ. ಪಾರ್ಲಿಮೆಂಟಿಗೆ ರಜಾ ಬಂದಾಗ ಏಷ್ಯದ ಪ್ರವಾಸ. ಮಧ್ಯ ಏಷ್ಯ, ಪರ್ಷಿಯ, ಚೀನ, ಕೊರಿಯ, ಪಾಮೀರ್ ಪ್ರಸ್ಥಭೂಮಿ, ಕಾಬೂಲಿನ ಅಮೀರನ ದರಬಾರು, ಎಲ್ಲವನ್ನೂ ಕಂಡುಬಂದ. ಆ ಬೆನ್ನಿನೊಡನೆ, ಬಹುಮಟ್ಟಿಗೆ ಕುದುರೆಯ ಮೇಲೆ. ದಪ್ಪದಪ್ಪ ಗ್ರಂಥಗಳನ್ನು ಬರೆದ. ಪರ್ಷಿಯವನ್ನು ಕುರಿತ ಅವನ ಗ್ರಂಥ ಎರಡು ಸಂಪುಟಗಳದು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಎರಡು ಸಭೆಗಳು: ಜನರು ಆರಿಸುವ ಕಾಮನ್ಸ್ ಸಭೆ, ಪ್ರಭುಗಳ ಲಾರ್ಡ್ಸ್ ಸಭೆ. ತಂದೆ ಸತ್ತ ಕ್ಷಣವೇ ಅವನ ಪ್ರಭುಪದವಿ ಹಿರಿಯ ಮಗನಿಗೆ ಬರುತ್ತಿತ್ತು, ಬೇಡವೆನ್ನುವ ಹಾಗಿರಲಿಲ್ಲ. ಪದವಿ ಬಂದವನು ಕಾಮನ್ಸ್ ಸಭೆಯನ್ನು ಬಿಟ್ಟೇ ಹೋಗಬೇಕು. ಅಧಿಕಾರವೆಲ್ಲ ಕಾಮನ್ಸ್ ಸಭೆಗೆ ಸರಿಯುತ್ತಿದ್ದ ಕಾಲವದು. ತಂದೆ ಯಾವಾಗ ಕಣ್ಣು ಮುಚ್ಚುವನೋ, ತನ್ನ ರಾಜಕೀಯ ಅಂದಿಗೆ ಮುಗಿಯುವುದೋ ಎಂಬ ಅಂಜಿಕೆ ಕರ್ಜನ್ನನಂಥ ಯುವಕರಿಗೆ ಇದ್ದೇ ಇತ್ತು. ಅವನದೇ ಸ್ಥಿತಿಯಲ್ಲಿದ್ದ ಇಬ್ಬರು ಗೆಳೆಯರು ಸೇಂಟ್ ಜಾನ್ ಬ್ರಾಡ್ರಿಕ್ ಮತ್ತು ಲಾರ್ಡ್ ವುಲ್ಮರ್. ಮೂವರೂ ಕೂಡಿ, ಪ್ರಭುಗಳೂ ಕಾಮನ್ಸ್ ಸಭೆಯಲ್ಲಿ ಕೂರಬಹುದೆಂಬ ಕಾನೂನಿಗಾಗಿ ಪ್ರಯತ್ನಪಟ್ಟರು. ೧೮೯೫ರಲ್ಲಿ ವುಲ್ಮರನ ತಂದೆ ತೀರಿಕೊಂಡಾಗ ಅವನು ತನ್ನ ಜಾಗ ಬಿಡದೆ ಕುಳಿತು ನೋಡಿದ್ದೂ ಆಯಿತು. ಫಲ ದೊರೆಯಲಿಲ್ಲ. ಬ್ರಾಡ್ರಿಕ್ಕನ ಹೆಸರನ್ನು ನೆನಪಿನಲ್ಲಿಡಿ. ಅವನು ಮತ್ತೆ ಬರುತ್ತಾನೆ.

ಹಣದ ಪ್ರಶ್ನೆಯೂ ಇತ್ತು. ದೊಡ್ಡ ಮನೆ, ದೊಡ್ಡ ಕುಟುಂಬ, ಕೈಯಲ್ಲಿ ಓಡಾಡುವ ಕಾಸು ಕಡಿಮೆ. ೧೮೯೦ರಲ್ಲಿ ಲಂಡನ್ನಿನ ಒಂದು ನೃತ್ಯಕೂಟದಲ್ಲಿ ಅವನು ಮೇರಿ ಲೈಟರ್ ಎಂಬ ಅಮೆರಿಕನ್ ಕನ್ಯೆಯನ್ನು ಕಂಡ. ಆಕೆಯ ತಂದೆ ಲೀವೈ ಲೈಟರ್ ಷಿಕಾಗೋ ನಗರದಲ್ಲಿ ಅಂಗಡಿ ವ್ಯಾಪಾರದಿಂದ ಕೋಟ್ಯಧೀಶನಾದವನು. ೧೮೯೩ರಲ್ಲಿ ಗುಟ್ಟಾಗಿ ನಿಶ್ಚಿತಾರ್ಥವಾಯಿತು. ಅದಾದ ಮೇಲೂ ವರ ಎರಡು ವರ್ಷ ಕಾಯಿಸಿದ. ಪಾಮೀರಿನ ಪ್ರವಾಸ ಮುಗಿಯಬೇಕಾಗಿತ್ತು! ೧೮೯೫ನೆಯ ಏಪ್ರಿಲ್ ೨೨ರಂದು ವಾಷಿಂಗ್ಟನ್ನಿನಲ್ಲಿ ಮದುವೆ. ಹಣಕ್ಕಾಗಿ ಆದ ಮದುವೆ ಎಂದು ಜನ ಆಡಿಕೊಂಡರು. ಹಣ ಬಂದದ್ದು ನಿಜ. ಆದರೆ ಆ ದಂಪತಿಗಳ ಪ್ರೀತಿ ಅದಕ್ಕಿಂತ ದೊಡ್ಡದಾಗಿ ಬೆಳೆಯಿತೆಂಬುದಕ್ಕೆ ಅವರ ಕಾಗದಪತ್ರಗಳೇ ಸಾಕ್ಷಿ.

೧೮೯೮ರಲ್ಲಿ ಕರ್ಜನ್ನನಿಗೆ ಭಾರತದ ವೈಸರಾಯ್ ಪದವಿ ಬಂತು. ವಯಸ್ಸು ಇನ್ನೂ ನಾಲ್ವತ್ತು ತುಂಬಿರಲಿಲ್ಲ. ವೈಸರಾಯ್ ಆಗುವವನಿಗೆ ಪ್ರಭುಪದವಿ ಬೇಕು. ಆದರೆ ಹಿಂದಿರುಗಿದ ಮೇಲೆ ಕಾಮನ್ಸ್ ಸಭೆಯ ಬಾಗಿಲೂ ತೆರೆದಿರಬೇಕು. ಅದಕ್ಕೊಂದು ಉಪಾಯ ಕಂಡುಹಿಡಿದರು. ಐರ್ಲೆಂಡಿನ ಪ್ರಭುಪದವಿ ಪಡೆದವನಿಗೆ ಲಾರ್ಡ್ಸ್ ಸಭೆಯಲ್ಲಿ ತಾನಾಗಿ ಸ್ಥಾನವಿಲ್ಲ. ಆದ್ದರಿಂದ ಅವನು ಕಾಮನ್ಸ್ ಸಭೆಗೆ ನಿಲ್ಲಬಹುದು. ಹೀಗೆ ಅವನು ಐರ್ಲೆಂಡಿನ ಬ್ಯಾರನ್ ಕರ್ಜನ್ ಆಗಿ ಹಡಗು ಹತ್ತಿದ. ೧೮೯೯ನೆಯ ಜನವರಿಯಲ್ಲಿ ಕಲ್ಕತ್ತೆಯ ಆ ‘ಎರಡನೆಯ ಕೆಡಲ್‌ಸ್ಟನ್’ ಮನೆಯೊಳಗೆ ಕಾಲಿಟ್ಟ.

ಭಾರತದಲ್ಲಿ ಅವನು ಮಾಡಿದ್ದನ್ನು ಎರಡು ತಟ್ಟೆಗಳಲ್ಲಿಟ್ಟು ತೂಗುವುದು ಇಲ್ಲಿನ ಕೆಲಸವಲ್ಲ. ನಮ್ಮ ನಾಡಿಗೆ ಸಂಬಂಧಪಟ್ಟ ಎರಡು ಮಾತುಗಳನ್ನು ಮಾತ್ರ ಹೇಳುತ್ತೇನೆ. ೧೯೦೨ನೆಯ ಆಗಸ್ಟ್ ೮ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟವನು ಈತನೇ. ಅದುವರೆಗೆ ಏಳು ವರ್ಷ ಮೈಸೂರನ್ನು ಆಳಿದ್ದವರು ಯುವರಾಜರ ತಾಯಿ, ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು. ಒಬ್ಬ ಹೆಣ್ಣುಮಗಳು ರಾಜ್ಯಭಾರವನ್ನು ಎಷ್ಟು ದಕ್ಷತೆಯಿಂದ ನಡೆಸಬಲ್ಲಳೆಂಬುದನ್ನು ಕಣ್ಣಾರೆ ಕಂಡ ಈ ಮನುಷ್ಯ, ಮುಂದೆ ಸ್ವದೇಶಕ್ಕೆ ಹೋಗಿ ಹೆಂಗಸರಿಗೆ ಮತದಾನದ ಹಕ್ಕು ಕೊಡಬಾರದೆಂಬ ಸಂಘಕ್ಕೆ ಅಧ್ಯಕ್ಷನಾದ! ಇನ್ನೊಂದು, ವಿಜಾಪುರ. ಅಲ್ಲಿ ಒಂದು ಮಸೀದಿ ಪ್ರವಾಸಿಗಳ ಡಾಕ್ ಬಂಗಲೆಯಾಗಿತ್ತು, ಮತ್ತೊಂದರಲ್ಲಿ ಅಂಚೆ ಕಚೇರಿ ಸೇರಿಕೊಂಡಿತ್ತು. ಎರಡನ್ನೂ ಅಲ್ಲಿಂದ ತೆರವು ಮಾಡಿಸಿದ. ೧೯೦೪ರ ಪ್ರಾಚೀನ ಸ್ಮಾರಕ ಸಂರಕ್ಷಣೆಯ ಕಾನೂನು ಅವನದೇ. ನಮ್ಮ ಹಳೆಯ ಗುಡಿಗೋಪುರಗಳ ವಿಷಯದಲ್ಲಿ ಅವನಿಗಿದ್ದ ಶ್ರದ್ಧೆಯನ್ನು ಅವನ ವೈರಿಗಳೂ ಅಲ್ಲಗಳೆಯಲಿಲ್ಲ.

ಕಲ್ಲಿನ ಮೇಲಿದ್ದ ಆ ಆದರ ಜೀವಂತ ಜನರ ಮೇಲೆ ಇತ್ತೆ? ಸಿಯಾಲ್‌ಕೋಟಿನಲ್ಲಿ ಒಂಬತ್ತನೆಯ ಲ್ಯಾನ್ಸರ್ಸ್ ದಂಡಿನ ಸಿಪಾಯಿಗಳು ಭಾರತೀಯ ಅಡಿಗೆಯವನೊಬ್ಬನನ್ನು ಹೊಡೆದು ಕೊಂದಾಗ, ತಪ್ಪಿತಸ್ಥರನ್ನು ಬಚ್ಚಿಟ್ಟರೆಂದು ಇಡೀ ದಂಡಿಗೆ ಶಿಕ್ಷೆ ವಿಧಿಸಿದವನು ಈತ. ೧೯೦೩ರ ದೆಹಲಿ ದರಬಾರಿನಲ್ಲಿ ಅದೇ ದಂಡು ಮೆರವಣಿಗೆಯಲ್ಲಿ ಬಂದಾಗ ಬಿಳಿಯರು ಬೇಕೆಂದೇ ಜಯಘೋಷ ಮಾಡಿದರು. ಕುದುರೆಯ ಮೇಲೆ ಕುಳಿತು ಅದನ್ನು ನುಂಗಿಕೊಂಡ. ಹಾಗೆಯೇ ೧೯೦೫ನೆಯ ಫೆಬ್ರವರಿಯಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ನಿಂತು, ಸತ್ಯಕ್ಕೆ ಉನ್ನತ ಸ್ಥಾನ ಕೊಟ್ಟವರು ಪಾಶ್ಚಾತ್ಯರೆಂಬ ಅರ್ಥದ ಉಪದೇಶ ಮಾಡಿದವನೂ ಈತನೇ. ಸೋದರಿ ನಿವೇದಿತಾ ಸುಮ್ಮನಿರಲಿಲ್ಲ. ಕರ್ಜನ್ ಕೊರಿಯದಲ್ಲಿ ತನಗೆ ಮೂವತ್ತಮೂರು ವರ್ಷವಾಗಿದ್ದಾಗ ನಾಲ್ವತ್ತೆಂದು ಅಲ್ಲಿನ ಅಧಿಕಾರಿಗೆ ಹೇಳಿದ್ದನ್ನು ತಾನೇ ಹೆಮ್ಮೆಯಿಂದ ಪುಸ್ತಕದಲ್ಲಿ ಬರೆದಿದ್ದ. ಅದನ್ನು ಆಕೆ ಹೆಕ್ಕಿ ತೆಗೆದಳು; ‘ಅಮೃತ ಬಜಾರ್ ಪತ್ರಿಕಾ’ ಅಚ್ಚುಮಾಡಿತು. ದೇಶವೆಲ್ಲ ನಕ್ಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ವಂಗಭಂಗವಾಯಿತು. ಆಗ ಯಾರೂ ನಗಲಿಲ್ಲ.

ಅಷ್ಟರಲ್ಲಿ ಅವನ ಮನೆಯೊಳಗೂ ಕತ್ತಲೆ ಕವಿಯುತ್ತಿತ್ತು. ದೆಹಲಿ ದರಬಾರಿನ ನೃತ್ಯಕೂಟದಲ್ಲಿ ಮೇರಿ ಉಟ್ಟಿದ್ದ ನವಿಲುಗರಿಯ ಉಡುಪಿನ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಚಿನ್ನಬೆಳ್ಳಿಯ ಜರತಾರಿ ಕಸೂತಿ ನಮ್ಮ ದೇಶದ ಕುಶಲಿಗಳದು, ಹೊಲಿಗೆ ಪ್ಯಾರಿಸ್ಸಿನದು. ಒಂದೊಂದು ಗರಿಯ ಕಣ್ಣಿನಲ್ಲಿಯೂ ಮಿನುಗುವ ಜೀರುಂಡೆಯ ರೆಕ್ಕೆ. ಅಷ್ಟು ವೈಭವದ ಹಿಂದೆ ಆಕೆಯ ಆರೋಗ್ಯ ಕುಸಿಯುತ್ತಿತ್ತು. ಮೂವರು ಹೆಣ್ಣುಮಕ್ಕಳು: ೧೮೯೬ರಲ್ಲಿ ಐರೀನ್, ೧೮೯೮ರಲ್ಲಿ ಸಿಂಥಿಯ, ೧೯೦೪ರಲ್ಲಿ ಅಲೆಕ್ಸಾಂಡ್ರ. ಮೂರನೆಯವಳಿಗೆ ಸಿಮ್ಲಾದ ಹತ್ತಿರದ ನಾಲ್ದೇರ ಎಂಬ ಊರಿನ ಹೆಸರನ್ನೂ ಸೇರಿಸಿದರು. ಮನೆಯಲ್ಲಿ ಕರೆಯುತ್ತಿದ್ದದ್ದು ‘ಬಾಬಾ’ ಎಂದು, ನಮ್ಮ ಆಯಾಗಳು ಕರೆದ ಹೆಸರು. ಗಂಡುಮಗು ಆಗಲಿಲ್ಲವೆಂಬ ಕೊರಗು ಗಂಡನಿಗೂ ಇತ್ತು, ಹೆಂಡತಿಗೂ ಇತ್ತು. ೧೯೦೪ರಲ್ಲಿ ಇಂಗ್ಲೆಂಡಿನಲ್ಲಿ ಮೇರಿ ಸಾವಿನ ಬಾಗಿಲಿಗೆ ಹೋಗಿ ಬಂದಳು. ಆಗ ಹಾಸಿಗೆಯ ಪಕ್ಕದಲ್ಲಿ ಕುಳಿತ ಗಂಡ ಆಕೆ ಆಡಿದ ಮಾತುಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆದುಕೊಂಡ. ಪೂರ್ತಿ ಗುಣವಾಗದೆಯೇ ಆಕೆ ಅವನ ಹಿಂದೆ ಮತ್ತೆ ಭಾರತಕ್ಕೆ ಬಂದಳು.

ಸೇನಾಧಿಪತಿ ಕಿಚನರನೊಡನೆ ಕರ್ಜನ್ನನಿಗೆ ಜಗಳವಾಯಿತು. ಸೈನ್ಯದ ಆಡಳಿತ ಯಾರ ಕೈಯಲ್ಲಿರಬೇಕೆಂಬ ಜಗಳ. ಲಂಡನ್ನಿನಲ್ಲಿ ಆಗ ಭಾರತಮಂತ್ರಿಯಾಗಿದ್ದವನು ಯಾರು? ಹಳೆಯ ಗೆಳೆಯ ಬ್ರಾಡ್ರಿಕ್! ಪ್ರಧಾನಿ ಇನ್ನೊಬ್ಬ ಹಳೆಯ ಗೆಳೆಯ ಬಾಲ್ಫರ್. ಇಬ್ಬರೂ ಕಿಚನರನ ಕಡೆ ವಾಲಿದರು. ೧೯೦೫ನೆಯ ಆಗಸ್ಟಿನಲ್ಲಿ ಕರ್ಜನ್ ರಾಜೀನಾಮೆ ಕೊಟ್ಟ. ಊರಿಗೆ ಮರಳಿ ಎಂಟು ತಿಂಗಳು ಕಳೆಯುವುದರೊಳಗೆ, ೧೯೦೬ನೆಯ ಜುಲೈ ೧೮ರಂದು, ಮೇರಿ ತೀರಿಕೊಂಡಳು. ವಯಸ್ಸು ಮೂವತ್ತಾರು. ಕೆಡಲ್‌ಸ್ಟನ್ನಿನ ಇಗರ್ಜಿಗೆ ಸೇರಿದಂತೆ ಅವನು ಆಕೆಗಾಗಿ ಒಂದು ಗುಡಿ ಕಟ್ಟಿಸಿ ಬಿಳಿಯ ಅಮೃತಶಿಲೆಯ ಮೂರ್ತಿಯನ್ನು ಮಲಗಿಸಿದ. ಪಕ್ಕದಲ್ಲಿ ತನ್ನ ಮೂರ್ತಿಗೂ ಜಾಗವಿಟ್ಟುಕೊಂಡ. ಆಗ್ರಾದ ತಾಜಮಹಲಿನ ಒಳಗೆ ತೂಗುವ ದೀಪವೊಂದಿದೆಯಲ್ಲ, ಕೈರೋದಲ್ಲಿ ಮಾಡಿಸಿ ಕಳುಹಿಸಿದ್ದು, ಅದೂ ಕರ್ಜನ್ನನ ಕಾಣಿಕೆಯೇ.

ತಾಯಿಯಿಲ್ಲದ ಮೂವರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹತ್ತು, ಕೊನೆಯವಳಿಗೆ ಎರಡು. ಮನೆಯ ಪ್ರತಿಯೊಂದು ವಿಷಯವನ್ನೂ ತಂದೆಯೇ ನೋಡುತ್ತಿದ್ದ: ಆಳುಗಳ ನೇಮಕ, ಅಡಿಗೆಮನೆಯ ಲೆಕ್ಕ, ಗೋಡೆಯ ಪಟ ಎಲ್ಲಿರಬೇಕೆಂಬುದು. ಸಾಮ್ರಾಜ್ಯವನ್ನು ನಡೆಸಿದ ಕೈ ಮಧ್ಯರಾತ್ರಿ ಮೀರಿದ ಮೇಲೂ ಕುಳಿತು ದಿನಸಿಯ ಚೀಟಿಗಳನ್ನು ಕೂಡಿ ಕಳೆಯುತ್ತಿತ್ತು. ಎಲ್ಲವನ್ನೂ ಸ್ವಂತ ಕೈಯಿಂದಲೇ ಬರೆಯಬೇಕು, ಯಾರನ್ನೂ ನಂಬಲಾರ. ಎಲಿನಾರ್ ಗ್ಲಿನ್ ಎಂಬ ಹೆಸರಾಂತ ಕಾದಂಬರಿಕಾರ್ತಿಯೊಡನೆ ಹಲವು ವರ್ಷ ಸ್ನೇಹವಿತ್ತು. ಆಕೆ ಅವನಿಗಾಗಿ ಮಾಂಟಕ್ಯೂಟ್ ಎಂಬ ಹಳೆಯ ಮನೆಯನ್ನು ಓರಣಗೊಳಿಸುತ್ತಿದ್ದಾಗ, ಅವನಿಗೆ ಬೇರೊಬ್ಬಳೊಡನೆ ನಿಶ್ಚಿತಾರ್ಥವಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಯಿತು. ಈ ಒಂದು ನಡತೆಯನ್ನು ಕರ್ಜನ್ನನ ಅಭಿಮಾನಿಗಳೂ ಸಮರ್ಥಿಸಿದ್ದು ನಾನು ಕಾಣೆ. ೧೯೧೭ನೆಯ ಜನವರಿಯಲ್ಲಿ ಅವನು ಕೈಹಿಡಿದದ್ದು ಗ್ರೇಸ್ ಡಗ್ಗನ್ ಎಂಬ ಸಿರಿವಂತ ವಿಧವೆಯನ್ನು. ಆಕೆಯೂ ಅಮೆರಿಕದವಳೇ, ಮೂರು ಮಕ್ಕಳ ತಾಯಿ. ಗಂಡುಮಗುವಿನ ಆಸೆ ಈ ಮದುವೆಯಿಂದಲೂ ಈಡೇರಲಿಲ್ಲ.

ಇನ್ನು ಹಣದ ವಿಷಯ. ಅಜ್ಜ ಲೈಟರನ ಆಸ್ತಿಯಲ್ಲಿ ಮೇರಿಯ ಪಾಲು ಹೆಣ್ಣುಮಕ್ಕಳಿಗೆ ಸೇರಬೇಕಾದದ್ದು. ಅವರು ಚಿಕ್ಕವರಾಗಿದ್ದಾಗ ಅದರ ವರಮಾನ ತಂದೆಯ ಕೈಗೆ ಬರುತ್ತಿತ್ತು. ಲಂಡನ್ನಿನ ಬಂಗಲೆ, ಹಳ್ಳಿಗಾಡಿನ ಬಾಡಿಗೆಯ ಅರಮನೆಗಳು, ಔತಣಗಳು, ಹಾಳುಬಿದ್ದ ಕೋಟೆಗಳ ಜೀರ್ಣೋದ್ಧಾರ, ಎಲ್ಲಕ್ಕೂ ಆ ಹೊಳೆಯ ನೀರೇ ಆಧಾರ. ಮಕ್ಕಳು ವಯಸ್ಸಿಗೆ ಬಂದು, ನಮ್ಮದು ನಮಗೆ ಕೊಡಿ ಎಂದರು. ಮೊದಲು ಕೇಳಿದವಳು ಐರೀನ್, ಬಳಿಕ ಸಿಂಥಿಯ. ತಂದೆಗೆ ಇದು ಕೃತಘ್ನತೆಯೆಂದು ಕಂಡಿತು. ಅವನ ಮನಸ್ಸಿನಲ್ಲಿ ಆ ಹಣ ಮನೆತನದ್ದು, ಮನೆತನವೆಂದರೆ ತಾನು. ಮಕ್ಕಳ ಮನಸ್ಸಿನಲ್ಲಿ ಅದು ಅಮ್ಮನ ಹಣ. ಮಾತು ವಕೀಲರ ಮೂಲಕ ನಡೆಯತೊಡಗಿತು, ಆಮೇಲೆ ನಿಂತೇಹೋಯಿತು. ನಮ್ಮಲ್ಲಿಯೂ ಸ್ತ್ರೀಧನದ ವಿಷಯದಲ್ಲಿ ಇಂಥ ವ್ಯಾಜ್ಯಗಳನ್ನು ನಾವು ಕಂಡಿಲ್ಲವೆ? ಒಡವೆಯ ಪೆಟ್ಟಿಗೆ ಯಾರ ಬೀರುವಿನಲ್ಲಿದೆ ಎಂಬುದರ ಮೇಲೆ ಮನೆ ಮುರಿಯುವುದುಂಟು. ಇಲ್ಲಿ ಪೆಟ್ಟಿಗೆ ದೊಡ್ಡದು, ಮನೆಯೂ ದೊಡ್ಡದು, ಸಂಕಟ ಅದೇ.

ಇತ್ತ ರಾಜಕೀಯದಲ್ಲಿ ಅವನು ಏರುತ್ತಲೇ ಇದ್ದ. ಕಾಮನ್ಸ್ ಸಭೆಗೆ ಮರಳುವ ಯೋಚನೆ ಕೈಬಿಟ್ಟು ೧೯೦೮ರಲ್ಲಿ ಐರ್ಲೆಂಡಿನ ಪ್ರತಿನಿಧಿಯಾಗಿ ಲಾರ್ಡ್ಸ್ ಸಭೆಯನ್ನೇ ಸೇರಿದ. ೧೯೧೧ರಲ್ಲಿ ಅರ್ಲ್, ೧೯೨೧ರಲ್ಲಿ ಮಾರ್ಕ್ವೆಸ್. ಮೊದಲ ಮಹಾಯುದ್ಧದಲ್ಲಿ ಯುದ್ಧಮಂತ್ರಿಮಂಡಲದ ಸದಸ್ಯ. ೧೯೧೯ರಿಂದ ವಿದೇಶಾಂಗ ಮಂತ್ರಿ. ಲೋಸಾನ್ ನಗರದ ಸಂಧಾನದಲ್ಲಿ ತುರ್ಕರ ಎದುರು ತಿಂಗಳುಗಟ್ಟಲೆ ಕುಳಿತು ಹೆಸರು ಗಳಿಸಿದ.

೧೯೨೩ನೆಯ ಮೇ ತಿಂಗಳಲ್ಲಿ ಪ್ರಧಾನಿ ಬೋನರ್ ಲಾ ಗಂಟಲಿನ ಕ್ಯಾನ್ಸರಿನಿಂದಾಗಿ ರಾಜೀನಾಮೆ ಕೊಟ್ಟ. ಮುಂದೆ ಯಾರು? ಅನುಭವದಲ್ಲಿ ಕರ್ಜನ್ನನಿಗೆ ಸಾಟಿ ಇರಲಿಲ್ಲ. ಇನ್ನೊಂದು ಹೆಸರು ಸ್ಟಾನ್ಲಿ ಬಾಲ್ಡ್ವಿನ್. ಹಣಕಾಸಿನ ಮಂತ್ರಿ, ಕಾಮನ್ಸ್ ಸಭೆಯವನು, ಹೆಚ್ಚು ಜನರಿಗೆ ಪರಿಚಯವಿಲ್ಲದವನು. ಕರ್ಜನ್ ಆಗ ರಜಾ ಕಳೆಯಲು ಮಾಂಟಕ್ಯೂಟಿನಲ್ಲಿದ್ದ. ಆ ಮನೆಯಲ್ಲಿ ಟೆಲಿಫೋನ್ ಇರಲಿಲ್ಲ. ಲಂಡನ್ನಿಗೆ ಬರಬೇಕೆಂದು ದೊರೆಯ ಕಾರ್ಯದರ್ಶಿ ಲಾರ್ಡ್ ಸ್ಟ್ಯಾಂಫರ್ಡ್‌ಹ್ಯಾಮನಿಂದ ತಂತಿ ಬಂತು. ಕರೆದದ್ದು ಪಟ್ಟ ಕಟ್ಟುವುದಕ್ಕೇ ಎಂದು ಗಂಡಹೆಂಡಿರು ನಂಬಿದರು. ದಾರಿಯುದ್ದಕ್ಕೂ ಮುಂದಿನ ಏರ್ಪಾಡುಗಳ ಮಾತು. ಲಂಡನ್ ನಿಲ್ದಾಣದಲ್ಲಿ ಪತ್ರಿಕೆಯವರ ಕ್ಯಾಮರಾಗಳು. ಮನೆ ತಲುಪಿದ ಮಧ್ಯಾಹ್ನ ಕಾರ್ಯದರ್ಶಿ ಬಂದ. ಈ ಕಾಲದಲ್ಲಿ ಪ್ರಧಾನಿ ಕಾಮನ್ಸ್ ಸಭೆಯಲ್ಲಿಯೇ ಇರಬೇಕು, ವಿರೋಧಪಕ್ಷವಾದ ಲೇಬರ್ ಪಕ್ಷದವರು ಲಾರ್ಡ್ಸ್ ಸಭೆಯಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ದೊರೆ ಬಾಲ್ಡ್ವಿನ್ನನನ್ನು ಆರಿಸಿದ್ದಾನೆ ಎಂದು ತಿಳಿಸಿದ. ಕರ್ಜನ್ ಅತ್ತುಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದೊರೆ ಐದನೆಯ ಜಾರ್ಜನಿಗೆ ಹಾಗೆ ಸಲಹೆ ಕೊಡಲೆಂದು ಕಾಯಿಲೆಯ ಹಾಸಿಗೆಯಿಂದೆದ್ದು ಲಂಡನ್ನಿಗೆ ಬಂದವನು, ೧೯೦೫ರ ಪ್ರಧಾನಿ ಬಾಲ್ಫರ್.

ಅವನ ಸ್ವಭಾವವೂ ಆ ನಿರ್ಣಯಕ್ಕೆ ಕಾರಣವೆಂದು ಹೇಳುವವರಿದ್ದಾರೆ. ಜೊತೆಯ ಮಂತ್ರಿಗಳಲ್ಲಿ ಅವನನ್ನು ಸಹಿಸುತ್ತಿದ್ದವರು ಕಡಿಮೆ. ಆದರೆ ಹೊರಗೆ ಹೇಳಿದ ಕಾರಣ ಪದವಿಯದೇ. ಇಪ್ಪತ್ತೆಂಟು ವರ್ಷಗಳ ಹಿಂದೆ ಗೆಳೆಯರೊಡನೆ ಕೂಡಿ ಕಿತ್ತುಹಾಕಲು ಹೊರಟಿದ್ದ ಬೇಲಿಯೇ ಕೊನೆಗೆ ಅವನ ಕಾಲಿಗೆ ತೊಡರಿತು. ಒಂದು ಮಾತನ್ನು ಅವನ ಲೆಕ್ಕಕ್ಕೆ ಸೇರಿಸಬೇಕು: ಮರುದಿನಗಳಲ್ಲಿ ಬಾಲ್ಡ್ವಿನ್ನನನ್ನು ಪಕ್ಷದ ನಾಯಕನೆಂದು ಸೂಚಿಸಿ ಸಭೆಯಲ್ಲಿ ಮಾತನಾಡಿದವನು ಕರ್ಜನ್ನನೇ, ಅವನ ಕೈಕೆಳಗೆ ವಿದೇಶಾಂಗ ಮಂತ್ರಿಯಾಗಿ ಮುಂದುವರಿದ.

೧೯೨೫ನೆಯ ಮಾರ್ಚ್ ೨೦ರಂದು, ಅರವತ್ತಾರರ ವಯಸ್ಸಿನಲ್ಲಿ, ಕರ್ಜನ್ ತೀರಿಕೊಂಡ. ಕೊನೆಯ ಮಗಳು ಅಲೆಕ್ಸಾಂಡ್ರಳಿಗೆ ಅಂದು ಇಪ್ಪತ್ತೊಂದು ತುಂಬಿದ ಹುಟ್ಟುಹಬ್ಬ. ಜೀರ್ಣೋದ್ಧಾರ ಮಾಡಿಸಿದ್ದ ಬೋಡಿಯಂ ಮತ್ತು ಟ್ಯಾಟರ್‌ಷಲ್ ಕೋಟೆಗಳನ್ನು ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದ. ಗಂಡುಮಗನಿಲ್ಲದ್ದರಿಂದ ಮಾರ್ಕ್ವೆಸ್ ಪದವಿ ಅವನೊಡನೆಯೇ ಅಳಿಯಿತು; ಅರ್ಲ್ ಪದವಿಯೂ ಅಳಿಯಿತು. ಕೆಡಲ್‌ಸ್ಟನ್ ಅರಮನೆ ಮತ್ತು ಸ್ಕಾರ್ಸ್‌ಡೇಲ್ ಪದವಿ ತಮ್ಮನ ಮಗನ ಪಾಲಾದವು. ಆದರೆ ೧೯೧೧ರಲ್ಲಿ ಪಡೆದ ಪದವಿಗಳಲ್ಲಿ ‘ಬ್ಯಾರನ್ ರೇವನ್ಸ್‌ಡೇಲ್’ ಎಂಬುದನ್ನು ಮಾತ್ರ ಹೆಣ್ಣುಮಕ್ಕಳಿಗೂ ಬರುವಂತೆ ಬರೆಸಿಕೊಂಡಿದ್ದ. ಅದು ಮಾತು ಬಿಟ್ಟಿದ್ದ ಹಿರಿಯ ಮಗಳು ಐರೀನಳಿಗೆ ಬಂತು.

ಸಿಂಥಿಯಳ ಬಾಳು ದುಃಖದ್ದು. ೧೯೨೦ರಲ್ಲಿ ಆಕೆ ಓಸ್ವಾಲ್ಡ್ ಮೋಸ್ಲಿ ಎಂಬ ತರುಣ ರಾಜಕಾರಣಿಯನ್ನು ಮದುವೆಯಾದಾಗ ದೊರೆ ರಾಣಿಯರೇ ಬಂದು ಹರಸಿದ್ದರು. ಗಂಡಹೆಂಡಿರಿಬ್ಬರೂ ಲೇಬರ್ ಪಕ್ಷ ಸೇರಿದರು. ೧೯೨೯ರಲ್ಲಿ ಮಡಿಕೆಕುಡಿಕೆಗಳ ಊರಾದ ಸ್ಟೋಕಿನ ಕಾರ್ಮಿಕರು ವೈಸರಾಯನ ಮಗಳನ್ನು ಕಾಮನ್ಸ್ ಸಭೆಗೆ ಆರಿಸಿ ಕಳುಹಿಸಿದರು. ಹೆಂಗಸರಿಗೆ ಮತವೇ ಬೇಡವೆಂದಿದ್ದ ತಂದೆ ಆಗ ಇರಲಿಲ್ಲ. ಬಳಿಕ ಮೋಸ್ಲಿ ಲೇಬರ್ ಪಕ್ಷವನ್ನೂ ಬಿಟ್ಟು ೧೯೩೨ರಲ್ಲಿ ಬ್ರಿಟಿಷ್ ಫ್ಯಾಸಿಸ್ಟರ ಕೂಟ ಕಟ್ಟಿದ. ಮರುವರ್ಷ ಮೇ ತಿಂಗಳಲ್ಲಿ ಸಿಂಥಿಯ ಅಪೆಂಡಿಸೈಟಿಸ್ ರೋಗದಿಂದ ಮೂವತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡಳು. ಮೂರು ಎಳೆಯ ಮಕ್ಕಳು. ಅಲೆಕ್ಸಾಂಡ್ರ ಎಂಟನೆಯ ಎಡ್ವರ್ಡನ ಆಪ್ತಮಿತ್ರನಾದ ಮೇಜರ್ ಮೆಟ್‌ಕಾಫನ ಹೆಂಡತಿಯಾದಳು. ನಂತರದ ವರ್ಷಗಳಲ್ಲಿ ಮಕ್ಕಳ ರಕ್ಷಣಾನಿಧಿಯ ಕೆಲಸದಲ್ಲಿ ತೊಡಗಿ ೧೯೯೫ರವರೆಗೆ ಬದುಕಿದ್ದಳು.

ತಾಯಿ ಸತ್ತ ಆ ಮೂರು ಮಕ್ಕಳಿಗೆ ಆಸರೆಯಾದವಳು ದೊಡ್ಡಮ್ಮ ಐರೀನ್. ಆಕೆ ಮದುವೆಯಾಗಲಿಲ್ಲ. ಸಂಗೀತ, ಕುದುರೆ 
ಸವಾರಿ, ಪೂರ್ವ ಲಂಡನ್ನಿನ ಬಡ ಹುಡುಗಹುಡುಗಿಯರ ಸಂಘಗಳು, ಇವು ಆಕೆಯ ಜಗತ್ತು. ೧೯೨೫ರಿಂದಲೂ ಆಕೆ ಬ್ಯಾರನೆಸ್; ಆದರೆ ಲಾರ್ಡ್ಸ್ ಸಭೆಯಲ್ಲಿ ಕೂರುವ ಹಕ್ಕಿಲ್ಲ, ಏಕೆಂದರೆ ಹೆಂಗಸು. ತಂದೆಗೆ ಪದವಿ ಅಡ್ಡವಾಯಿತು. ಮಗಳಿಗೆ ಪದವಿಯಿದ್ದೂ ಬಾಗಿಲು ಮುಚ್ಚಿತ್ತು. ಮೂವತ್ತಮೂರು ವರ್ಷ ಹೀಗೇ ಕಳೆಯಿತು. ೧೯೫೮ರಲ್ಲಿ ಜೀವಾವಧಿ ಪ್ರಭುಪದವಿಯ ಕಾನೂನು ಬಂದಾಗ ಮೊದಲಿಗೆ ಆಯ್ಕೆಯಾದ ನಾಲ್ವರು ಮಹಿಳೆಯರಲ್ಲಿ ಐರೀನ್ ಒಬ್ಬಳು. ತಂದೆ ಕುಳಿತಿದ್ದ ಸಭೆಯೊಳಗೆ ‘ಕೆಡಲ್‌ಸ್ಟನ್ನಿನ ರೇವನ್ಸ್‌ಡೇಲ್’ ಎಂಬ ಹೊಸ ಹೆಸರಿನಿಂದ ಕಾಲಿಟ್ಟಳು. ೧೯೬೩ರಲ್ಲಿ ಮತ್ತೊಂದು ಕಾನೂನು ಬಂತು: ಪ್ರಭುಪದವಿ ಬೇಡವೆನ್ನುವವನು ಅದನ್ನು ಬಿಟ್ಟುಕೊಡಬಹುದು, ವಂಶಪಾರಂಪರ್ಯವಾಗಿ ಪದವಿ ಪಡೆದ ಹೆಂಗಸರೂ ಸಭೆಯಲ್ಲಿ ಕೂರಬಹುದು. ಅದೇ ವರ್ಷ ಅಕ್ಟೋಬರಿನಲ್ಲಿ ಲಾರ್ಡ್ ಹ್ಯೂಮ್ ಎಂಬವನು ಪ್ರಧಾನಿಯಾಗಿ ತನ್ನ ಅರ್ಲ್ ಪದವಿಯನ್ನು ಕಳಚಿಟ್ಟ.

ಐರೀನ್ ೧೯೬೬ರಲ್ಲಿ ತೀರಿಕೊಂಡಳು. ರೇವನ್ಸ್‌ಡೇಲ್ ಪದವಿ ಆಕೆ ಸಾಕಿದ ಸಿಂಥಿಯಳ ಹಿರಿಯ ಮಗ ನಿಕೊಲಸ್ ಮೋಸ್ಲಿಗೆ ಹೋಯಿತು. ಅವನು ಕಾದಂಬರಿಕಾರ, ತಂದೆ ಓಸ್ವಾಲ್ಡನ ಜೀವನಚರಿತ್ರೆಯನ್ನು ಎರಡು ಪುಸ್ತಕಗಳಲ್ಲಿ, ಒಂದನ್ನೂ ಮುಚ್ಚಿಡದೆ ಬರೆದ. ‘ಕರ್ಜನ್ ಕೈಯಲ್ಲೇ ಇರಲಿ’ ಎಂದಿದ್ದ ಕೆಡಲ್‌ಸ್ಟನ್ ೧೯೮೭ರಲ್ಲಿ ನ್ಯಾಷನಲ್ ಟ್ರಸ್ಟಿನ ಕೈಸೇರಿತು. ಟಿಕೆಟ್ಟು ಕೊಂಡು ಹೋದವರಿಗೆ ಕರ್ಜನ್ ಭಾರತದಿಂದ ಒಯ್ದ ವಸ್ತುಗಳ ಸಂಗ್ರಹವನ್ನೂ ಮೇರಿಯ ನವಿಲುಗರಿಯ ಉಡುಪನ್ನೂ ಅಲ್ಲಿ ನೋಡುವ ಅವಕಾಶವಾಯಿತು.